ನಾ ಹರಕತ್

೧೦ ಡಿಸೆಂಬರ್ ೧೯೮೪, ಸೋಮವಾರ

ಇಂದು ತರೀಕೆರೆ ಸರ್ಕಲ್‌ನಲ್ಲಿ ಪೊಲೀಸಿನವನು ನಮ್ಮ ಸ್ಕೂಟರ್ ನಿಲ್ಲಿಸಿದ. ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ಮುಂದೆ ಯಾವುದಾದರೂ ಕಚೇರಿಯಲ್ಲಿ ಕೇಳಿದರೆ ಹೇಳಲು ಬೇಕಾದೀತು.

ಅಜ್ಜಂಪುರದಿಂದ ಹೊರಡುವ ಬೆಳಗಿನ ಬಸ್ಸು ಇವತ್ತು ಬರಲೇ ಇಲ್ಲ. ಮಗಳು ಮಲ್ಲಿಕಾಂಬ ಹತ್ತೂವರೆಗೆ ತರೀಕೆರೆಯ ಕಚೇರಿಯಲ್ಲಿರಬೇಕು. ಬೇರೆ ದಾರಿ ಕಾಣದೆ ನಮ್ಮ ಪೇಪರ್ ಅಂಗಡಿಯ ಹಿಂದೆ ಟಾರ್ಪಾಲು ಹೊದಿಸಿಟ್ಟಿದ್ದ ಸ್ಕೂಟರ್ ಹೊರಗೆ ತೆಗೆದೆ. ನಾನು ಓಡಿಸಿದೆ, ಮಲ್ಲಿ ಹಿಂದೆ ಕೂತಳು.

ಸ್ಕೂಟರ್ ನನ್ನ ಹೆಂಡತಿಯ ತಮ್ಮ ತೀರ್ಥಪ್ಪ ಕೊಟ್ಟದ್ದು. ಅವನು ಬಹಳ ವರ್ಷದಿಂದ ಕೊಲ್ಲಾಪುರದಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದಾನೆ. ಮಲ್ಲಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ. ಅವಳು ಓಡಿಸಲಿ ಎಂದು ತನ್ನ ಸ್ಕೂಟರಿನ ಹಿಂದಿನ ಗಾಲಿಯ ಎರಡೂ ಕಡೆ ಪಕ್ಕದ ಗಾಲಿ ಹಾಕಿಸಿ, ಗೋಣಿ ಸುತ್ತಿ ರೈಲಿನಲ್ಲಿ ಕಳಿಸಿದ. ಸ್ಟೇಷನ್ನಿನಿಂದ ಬಿಡಿಸಿಕೊಂಡದ್ದು ಹೋದ ವರ್ಷ ನವೆಂಬರಿನಲ್ಲಿ. ರಸ್ತೆ ಸರಿಯಿಲ್ಲ, ಲಾರಿಗಳ ಓಡಾಟ ಜಾಸ್ತಿ, ಆಮೇಲೆ ಮಳೆಗಾಲ ಬಂತು. ಹಾಗಾಗಿ ಇದುವರೆಗೆ ಹೊರಗೆ ತೆಗೆದಿರಲಿಲ್ಲ.

ಪೊಲೀಸಿನವನು ಹಿಂದೆ ಮುಂದೆ ಓಡಾಡಿ ನಂಬರಿನ ಹಲಗೆ ಓದಿದ. "ಇದ್ಯಾವ್ ದೇಶದ್ ನಂಬರ್ ಸ್ವಾಮಿ?"

ಕೊಲ್ಲಾಪುರದ್ದು, ಮಹಾರಾಷ್ಟ್ರದ್ದು ಎಂದೆ. ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದ. ಸುಳ್ಳು ಹೇಳಲಿಲ್ಲ, ವರ್ಷ ಮೀರಿತು ಎಂದೆ. ಹನ್ನೆರಡು ತಿಂಗಳ ಮೇಲೆ ಗಾಡಿ ಇಲ್ಲಿದ್ದರೆ ಈ ರಾಜ್ಯದ ನಂಬರ್ ಹಾಕಿಸಲೇಬೇಕಂತೆ. ಇಲ್ಲದಿದ್ದರೆ ಅದು ಠಾಣೆಯ ಅಂಗಳದಲ್ಲಿ ನಿಲ್ಲುತ್ತದಂತೆ. ಮಲ್ಲಿಯ ಕಾಲು ನೋಡಿ ಇವತ್ತಿಗೆ ಬಿಟ್ಟ. "ಇನ್ನೊಂದ್ಸಲ ಕಂಡ್ರೆ ಕಾಲು ನೋಡಲ್ಲ, ನಂಬರ್ ನೋಡ್ತೀನಿ," ಎಂದ.

ಮಲ್ಲಿ ಕಚೇರಿ ಮುಟ್ಟಿದಾಗ ಹನ್ನೊಂದು ದಾಟಿತ್ತು.

೧೩ ಡಿಸೆಂಬರ್, ಗುರುವಾರ

ಮಲ್ಲಿಗೆ ಮೆಮೊ ಕೊಟ್ಟಿದ್ದಾರೆ. ಸಾಹೇಬರು ಕೆಟ್ಟವರಲ್ಲ, ಬರೆದದ್ದರಲ್ಲಿ ತಪ್ಪೂ ಇಲ್ಲ. ಜುಲೈಯಿಂದ ಅವಳು ಬೆರಳಚ್ಚುಗಾರ್ತಿಯಾಗಿ ಹಂಗಾಮಿ ಕೆಲಸದಲ್ಲಿದ್ದಾಳೆ. ತಡವಾಗಿ ಬಂದ ದಿನಗಳು ಮಿತಿ ಮೀರಿವೆ. ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತದೆ. ಹೀಗೇ ಆದರೆ ಮುಂದುವರಿಸಲು ಶಿಫಾರಸು ಮಾಡಲಾಗುವುದಿಲ್ಲ.

ಬಸ್ಸಿನ ಮೆಟ್ಟಿಲು ಎತ್ತರ. ನಾನೇ ಎತ್ತಿ ಹತ್ತಿಸುತ್ತೇನೆ. ಜೊತೆಗೆ ಹೋಗಿ, ಸಂಜೆಯ ತನಕ ತರೀಕೆರೆಯ ವಾಚನಾಲಯದಲ್ಲಿ ಕೂತು, ಮತ್ತೆ ಎತ್ತಿ ಹತ್ತಿಸಿ ಕರೆತರುತ್ತೇನೆ. ಬೆಳಿಗ್ಗೆ ಪೇಪರ್ ಹಂಚಿ ಮುಗಿಸಿದ ಮೇಲೆ ಅಂಗಡಿಯನ್ನು ಹೆಂಡತಿ ಈಶ್ವರಮ್ಮನೇ ನೋಡಿಕೊಳ್ಳುತ್ತಾಳೆ. ಆದರೆ ಬಸ್ಸು ತಡವಾದರೆ ನಾನು ಮಾಡುವುದೇನೂ ಇಲ್ಲ. ತರೀಕೆರೆಯಲ್ಲೇ ರೂಮು ಮಾಡಿಕೊಂಡು ಇರುತ್ತೇನೆ ಎಂದು ಮಲ್ಲಿ ಹೇಳಿದಳು. ಬೇಡ ಎಂದೆ.

ಕೆಲಸ ಉಳಿಯಬೇಕಾದರೆ ಸ್ಕೂಟರ್ ಬೇಕು. ಸ್ಕೂಟರ್ ಓಡಬೇಕಾದರೆ ಇಲ್ಲಿನ ನಂಬರ್ ಬೇಕು. ಇಷ್ಟು ಸ್ಪಷ್ಟವಾಗಿದೆ.

೧೯ ಡಿಸೆಂಬರ್, ಬುಧವಾರ

ಕಡೂರಿಗೆ ಹೋಗಿದ್ದೆ. ಅಲ್ಲಿಯ ಪ್ರವಾಸಿ ಮಂದಿರದ ಮೈದಾನದಲ್ಲಿ ತಿಂಗಳಿಗೊಮ್ಮೆ ಬ್ರೇಕ್ ಇನ್ಸ್‌ಪೆಕ್ಟರ ಕ್ಯಾಂಪು. ಲೈಸೆನ್ಸಿಗೆ ಎಂಟು ಹಾಕಿಸುವವರೂ ಅವರೇ, ಗಾಡಿ ನೋಡಿ ಕಾಗದಕ್ಕೆ ಸಹಿ ಮಾಡುವವರೂ ಅವರೇ. ಮಲ್ಲಿ ಕಚೇರಿಗೆ ರಜೆ ಹಾಕುವ ಹಾಗಿಲ್ಲ. ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಹೇಳಿ ಕಳಿಸಿದೆ.

ಕ್ಯಾಂಪಿನ ಗುಮಾಸ್ತರು ಆರ್.ಸಿ. ಪುಸ್ತಕ ತಿರುವಿ, ಎನ್ನೋಸಿ ಬೇಕಲ್ಲ ಎಂದರು. ನನಗೆ ತಿಳಿಯಲಿಲ್ಲ. ಹಿಂದೆ ಲಾರಿಯವರು ಸಾಲು ನಿಂತು ಅವಸರ ಮಾಡುತ್ತಿದ್ದರು.

"ಅಲ್ಲಿಯೋರ್ದು ತಕರಾರಿಲ್ಲ ಅಂತ ಕಾಗ್ದ ಕಣ್ರೀ. ಅದಿಲ್ದೆ ಇಲ್ಲಿ ಬದ್ಲಾಯ್ಸಕ್ಕಾಗಲ್ಲ."

ಹೀಗೆ ಹೇಳಿದ ಮೇಲೆ ಅರ್ಥವಾಯಿತು. ಅಂಗಡಿಯ ಜಗಲಿಯಲ್ಲಿ ಕೂತು ಊರವರಿಗೆ ಖಾತೆ ಬದಲಾವಣೆಯ ಅರ್ಜಿ ಬರೆದುಕೊಡುವ ರೂಢಿ ನನಗೆ ಮೊದಲಿನಿಂದ ಇದೆ. ಒಬ್ಬನ ಹೆಸರಿನ ಜಮೀನು ಇನ್ನೊಬ್ಬನಿಗೆ ಹೋಗಬೇಕಾದರೆ ಅವನ ತಾಯಿ, ಅಣ್ಣತಮ್ಮಂದಿರು ನಮ್ಮ ತಕರಾರಿಲ್ಲ ಎಂದು ಬರೆದುಕೊಡಬೇಕು. ಸ್ಕೂಟರ್ ತೀರ್ಥಪ್ಪನ ಹೆಸರಿನಲ್ಲಿದೆ. ಅಲ್ಲಿಯವರು ಎಂದರೆ ಅವನ ಕಡೆಯವರು. ಅವನ ತಾಯಿ ಕಲ್ಲಮ್ಮ, ಅಣ್ಣ ಬೆನಕಪ್ಪ ಇಬ್ಬರೂ ಪಂಚನಹಳ್ಳಿಯಲ್ಲಿದ್ದಾರೆ. ಕೊಲ್ಲಾಪುರಕ್ಕಿಂತ ಹತ್ತಿರ. ಸಮಾಧಾನವಾಯಿತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಮಲ್ಲಿ, ಅದು ಮಾವಂದಿರು ಕೊಡುವ ಕಾಗದವಲ್ಲ, ಕೊಲ್ಲಾಪುರದ ಸಾರಿಗೆ ಕಚೇರಿಯವರು ಕೊಡಬೇಕಾದದ್ದು, ನಮ್ಮ ಆಫೀಸಿನ ಜೀಪಿಗೂ ಹಾಗೇ ತರಿಸಿದ್ದರು ಎಂದು ಏನೋ ಹೇಳುತ್ತಿದ್ದಳು. ಅವಳು ಬೇರೆಯವರು ಬರೆದದ್ದನ್ನು ಟೈಪ್ ಮಾಡುವವಳು. ಕಾಗದಪತ್ರದ ಒಳಗು ಅವಳಿಗೆ ತಿಳಿಯದು.

೩೦ ಡಿಸೆಂಬರ್, ಭಾನುವಾರ

ಪಂಚನಹಳ್ಳಿಗೆ ಹೋಗಿ ಬಂದೆ. ಛಾಪಾ ಕಾಗದದ ಮೇಲೆ ಒಕ್ಕಣೆ ಮನೆಯಲ್ಲೇ ಬರೆದುಕೊಂಡು ಹೋಗಿದ್ದೆ: ‘ಸದರಿ ಸ್ಕೂಟರ್ ವಾಹನಕ್ಕೆ ಸಂಬಂಧಿಸಿ ನಮ್ಮದಾಗಲಿ ನಮ್ಮ ವಾರಸುದಾರರದ್ದಾಗಲಿ ಯಾವ ತಂಟೆ ತಕರಾರು ಹರಕತ್ತೂ ಇರುವುದಿಲ್ಲ.’

ಬೆನಕಪ್ಪ ಬೋರ್‌ವೆಲ್ ಹತ್ತಿರ ತೆಂಗಿನ ಸಸಿಗೆ ನೀರು ತಿರುಗಿಸುತ್ತಿದ್ದ. ಕಾಲು ತೊಳೆದು ಬಂದು ಕಾಗದ ಓದಿದ. ಎರಡು ಸಲ ಓದಿದ. ತೀರ್ಥಪ್ಪ ಮಲ್ಲಿಗೆ ಸ್ಕೂಟರ್ ಕೊಟ್ಟದ್ದು ಅವನಿಗೆ ಗೊತ್ತೇ ಇರಲಿಲ್ಲವಂತೆ. ಇದು ನಾನು ಎಣಿಸಿರದ ವಿಷಯ.

"ತಕರಾರಿಲ್ಲ ಅಂತ ಬರ್ಕೊಡು ಅಂತ ನೀವೇ ಹುಡ್ಕಂಡ್ ಬಂದ್ರಿ ಅಂದ್ಮೇಲೆ, ತಕರಾರ್ ಮಾಡ್ಬೋದು ಅಂತಾಯ್ತಲ್ಲ ಭಾವ್ನೋರೇ?"

ನಾನು ಹಾಗಲ್ಲ ಎಂದೆ. ಅವನು ಹಾಗೇ ಎಂದ. ಅಣ್ಣತಮ್ಮಂದಿರು ಇನ್ನೂ ಪಾಲಾಗಿಲ್ಲ, ತೀರ್ಥಪ್ಪನ ಸಂಪಾದನೆ ಎಂದರೆ ಮನೆಯದು, ಮನೆಯ ಸ್ವತ್ತು ಮನೆಯ ಹಿರಿಯನನ್ನು ಕೇಳದೆ ಹೊರಗೆ ಹೋಗಿದೆ. ಕಾನೂನಿನ ಮಾತಾಗಿ ನೋಡಿದರೆ ಅವನು ಹೇಳಿದ್ದರಲ್ಲಿ ಹುರುಳಿಲ್ಲದೆ ಇಲ್ಲ. "ಪಕ್ಕದ್ದೂ ಸೇರಿ ನಾಲ್ಕ್ ಗಾಲಿ ಅಂದ್ರಲ್ಲ, ಅದ್ರಲ್ಲಿ ಎರಡು ನಂದು ಅನ್ಕಳಿ," ಎಂದ. ಸಹಿ ಹಾಕಲಿಲ್ಲ.

ಅತ್ತೆ ಕಲ್ಲಮ್ಮನವರು ಕೇಳಿದ ಕೂಡಲೇ ಹೆಬ್ಬೆಟ್ಟು ಚಾಚಿದರು. ಮಸಿ ಒರೆಸಿಕೊಳ್ಳುತ್ತಾ, ಮಲ್ಲಿ ಚೆನ್ನಾಗಿ ಓಡಿಸುತ್ತಾಳಾ ಎಂದು ವಿಚಾರಿಸಿದರು. ಅವಳು ಯಾಕೆ ಓಡಿಸುತ್ತಾಳೆ, ನಾನೇ ಓಡಿಸುತ್ತೇನೆ ಎಂದೆ.

"ಮತ್ತೆ ಆ ಪಕ್ಕದ್ ಗಾಲಿ ನಿಮಗಾ ಅಳಿಯಂದ್ರೇ?"

ಚೀಲ ಹಿಡಿದು ಎದ್ದೆ. ಕಡೂರಿಗೆ ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

೨ ಜನವರಿ ೧೯೮೫, ಬುಧವಾರ

ತೀರ್ಥಪ್ಪನಿಗೆ ಕಾಗದ ಬರೆದೆ. ಅಣ್ಣನಿಗೆ ಬುದ್ಧಿ ಹೇಳು, ನೀನೂ ತಕರಾರಿಲ್ಲ ಎಂದು ಬರೆದು ಸಹಿ ಮಾಡಿ ಕಳಿಸು ಎಂದು. ಮಲ್ಲಿ ತಾನೂ ಮಾವನಿಗೆ ಬರೆಯುವುದಿದೆ ಎಂದು ಅದೇ ಲಕೋಟೆಯಲ್ಲಿ ಟೈಪ್ ಮಾಡಿದ ಹಾಳೆಯೊಂದನ್ನು ಇಟ್ಟಳು. ಯೋಗಕ್ಷೇಮ ಇರಬೇಕು.

೯ ಜನವರಿ, ಬುಧವಾರ

ಬಸ್ಸು ತಡ. ಮೊನ್ನೆಯೂ ತಡ.

೧೪ ಜನವರಿ, ಸೋಮವಾರ

ಸಂಕ್ರಾಂತಿ. ಎಳ್ಳು ಬೀರುವುದು ಮುಗಿದ ಮೇಲೆ ಮಲ್ಲಿ, ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಇವತ್ತು ಲಾರಿ ಇರುವುದಿಲ್ಲ, ಸ್ಕೂಟರನ್ನು ಅಲ್ಲಿಗೆ ತನ್ನಿ ಎಂದಳು. ಗಾಡಿ ನಿಂತಲ್ಲೇ ನಿಂತರೆ ಇಂಜಿನ್ ಹಿಡಿದುಕೊಳ್ಳುತ್ತದೆ ಎಂದು ಒಪ್ಪಿದೆ.

ಅವಳೇ ಕೂತಳು. ಗೇರು, ಕ್ಲಚ್ಚು ಎರಡೂ ಎಡಗೈಯಲ್ಲಿ, ಬ್ರೇಕು ಬಲಗಾಲಿಗೆ. ಎಡಗಾಲಿಗೆ ಅದರಲ್ಲಿ ಕೆಲಸವೇ ಇಲ್ಲ. ಇದನ್ನು ನಾನು ಗಮನಿಸಿರಲಿಲ್ಲ. ಮೊದಲು ನಾನು ಹಿಂದಿನ ಸೀಟು ಹಿಡಿದುಕೊಂಡು ಓಡಿದೆ. ಶೆಡ್ಡಿನ ಕೊನೆ ತಲುಪುವಷ್ಟರಲ್ಲಿ ಕೈ ಬಿಟ್ಟುಹೋಯಿತು. ತಿರುಗಿಸಿಕೊಂಡು ಬರುವಾಗ ಒಂದು ಪಕ್ಕದ ಗಾಲಿ ಗುಂಡಿಗೆ ಇಳಿದು ಗಾಡಿ ವಾಲಿತು. ಕೂಗಿದೆ. ಅವಳು ಆಕ್ಸಿಲೇಟರ್ ಕೊಟ್ಟು ಮೇಲಕ್ಕೆ ಹತ್ತಿಸಿದಳು.

"ನೀವು ಕೂಗಿದ್ರೆ ನಂಗೆ ಗಾಬರಿ ಆಗತ್ತೆ ಅಪ್ಪಾಜಿ. ಗುಂಡಿಗಲ್ಲ."

ಈಶ್ವರಮ್ಮ ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇವಳು ಯಾವಾಗ ಬಂದಳೋ ತಿಳಿಯದು.

೧೬ ಜನವರಿ, ಬುಧವಾರ

ಕಡೂರು ಕ್ಯಾಂಪು. ಮಲ್ಲಿ ರಜೆ ಹಾಕಿ ಬಂದು ಎಲ್ಲೆಲ್ಲಾರ್ ಮಾಡಿಸಿಕೊಂಡಳು. ನಾನು ಜೊತೆಗಿರುವಾಗ ಅವಳಿಗೆ ಕಲಿಕೆಯ ಲೈಸೆನ್ಸು ಯಾತಕ್ಕೆಂದು ಗೊತ್ತಾಗಲಿಲ್ಲ. ಇರಲಿ, ಕಾಗದ ಇದ್ದರೆ ನಷ್ಟವೇನಿಲ್ಲ.

೨೪ ಜನವರಿ, ಗುರುವಾರ

ತೀರ್ಥಪ್ಪನ ಕಾರ್ಡು ಬಂತು. ಹತ್ತು ಸಲ ಓದಿದೆ. ಇದ್ದ ಹಾಗೇ ಇಳಿಸಿಕೊಳ್ಳುತ್ತೇನೆ:

‘ಭಾವನವರಿಗೆ ನಮಸ್ಕಾರಗಳು. ಸ್ಕೂಟರ್ ವಿಷಯದಲ್ಲಿ ನಾ ಹರಕತ್ ದಾಖಲಾ ಆಗಬೇಕೆಂದು ಇಲ್ಲಿಯ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಪೊಲೀಸರ ವಿಚಾರಣೆ ಆಗಬೇಕಂತೆ. ಆದ ಕೂಡಲೇ ರಿಜಿಸ್ಟರ್ ಮಾಡಿ ಕಳಿಸುತ್ತೇನೆ. ಮಲ್ಲಿಗೆ ಆಶೀರ್ವಾದ.’

ನಾ ಎಂದರೆ ನಾನು. ಹರಕತ್ತು ಎಂದರೆ ಅಡ್ಡಿ, ತಕರಾರು. ದಾಖಲಾ ಎಂದರೆ ದಾಖಲು. ಅಂದರೆ ಅವನು ತನ್ನ ತಕರಾರನ್ನು ದಾಖಲು ಮಾಡಿಕೊಳ್ಳಿ ಎಂದು ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದಾನೆ. ಅಷ್ಟಕ್ಕೇ ಬಿಡದೆ ಪೊಲೀಸರ ತನಕ ಹೋಗಿದ್ದಾನೆ. ಅದನ್ನು ರಿಜಿಸ್ಟರ್ ಅಂಚೆಯಲ್ಲಿ ನಮಗೇ ಕಳಿಸುತ್ತಾನಂತೆ. ಕೊನೆಯಲ್ಲಿ ಮಲ್ಲಿಗೆ ಆಶೀರ್ವಾದ!

ಪ್ರೀತಿಯಿಂದ ಕೊಟ್ಟವನು ಈಗ ಯಾಕೆ ಹೀಗೆ? ಬೆನಕಪ್ಪ ಬರೆದಿರಬೇಕು. ನಾನು ಪಂಚನಹಳ್ಳಿಗೆ ಹೋಗದಿದ್ದರೆ ಇದು ಏಳುತ್ತಿರಲಿಲ್ಲವೋ ಏನೋ. ಆದರೆ ಹೋಗದೆ ಕಾಗದ ಆಗುವಂತಿರಲಿಲ್ಲ. ಎಲ್ಲಿ ತಪ್ಪಿತು ಎಂದು ಹಿಂದಿನಿಂದ ಮುಂದಕ್ಕೆ ಯೋಚಿಸಿದೆ, ಮುಂದಿನಿಂದ ಹಿಂದಕ್ಕೆ ಯೋಚಿಸಿದೆ. ಪ್ರತಿ ಹೆಜ್ಜೆಯೂ ಸರಿಯಾಗೇ ಇದೆ.

೨೫ ಜನವರಿ, ಶುಕ್ರವಾರ

ಈಶ್ವರಮ್ಮನಿಗೆ ಕಾರ್ಡು ಓದಿ ಹೇಳಿದೆ. "ನನ್ ತಮ್ಮ ಅಂಥೋನಲ್ಲ ಕಣ್ರೀ," ಎಂದು ಒಂದೇ ಮಾತು ಹೇಳಿ ಒಳಗೆ ಹೋದಳು. ನನ್ನ ತಟ್ಟೆಗೆ ಬಡಿಸಿ, ತನ್ನದನ್ನು ಅಡುಗೆಮನೆಗೆ ಎತ್ತಿಕೊಂಡು ಹೋದಳು.

ಮಲ್ಲಿ ಇದು ಎನ್ನೋಸಿಯ ವಿಷಯವೇ ಇರಬೇಕು ಎಂದಳು. ಕಾರ್ಡನ್ನು ಅವಳ ಮುಂದಿಟ್ಟು, ಎನ್ನೋಸಿ ಎಂದು ಎಲ್ಲಿ ಬರೆದಿದೆ ತೋರಿಸು ಎಂದೆ. ತೋರಿಸಲಾಗಲಿಲ್ಲ. ಬರೆದದ್ದನ್ನು ಬಿಟ್ಟು ಬರೆಯದ್ದನ್ನು ಓದುವುದು ನನಗೆ ಬರುವುದಿಲ್ಲ.

ತೀರ್ಥಪ್ಪನಿಗೆ ಖಡಾಖಂಡಿತವಾಗಿ ಬರೆದೆ. ನಿನ್ನ ಹರಕತ್ತು ಏನೆಂದು ತಿಳಿಸು, ನಿನ್ನ ಗಾಡಿ ನಿನಗೆ ರೈಲಿಗೆ ಹಾಕಿ ಕಳಿಸುತ್ತೇನೆ, ನನ್ನ ಮಗಳನ್ನು ನಾನು ಎತ್ತಿಕೊಂಡೇ ಓಡಾಡಬಲ್ಲೆ. ಅಂಚೆಗೆ ಹಾಕುವ ಮೊದಲು ಮಲ್ಲಿ ಓದಿದಳು. ಕೊನೆಯ ವಾಕ್ಯದ ಹತ್ತಿರ ಬಹಳ ಹೊತ್ತು ನಿಂತಳು.

"ಇದೊಂದ್ ಕಳಿಸ್ಬೇಡಿ ಅಪ್ಪಾಜಿ."

ಹರಿದು ಹಾಕಿದೆ. ಯಾಕೆ ಹರಿದೆ ಎಂದರೆ, ಅವಳು ಕೇಳಿದ ರೀತಿ ಹಾಗಿತ್ತು.

೭ ಫೆಬ್ರವರಿ, ಗುರುವಾರ

ಬ್ರೇಕು, ಗೇರು ಸಡಿಲವಾಗದಿರಲಿ ಎಂದು ವಾರಕ್ಕೆ ಮೂರು ದಿನ ಗೂಡ್ಸ್ ಶೆಡ್ಡಿಗೆ ಹೋಗುತ್ತಿದ್ದೇವೆ. ನಾನು ಕಲ್ಲುಬೆಂಚಿನ ಮೇಲೆ ಕೂತು ಪೇಪರ್ ಓದುತ್ತೇನೆ. ಸಂಪಾದಕೀಯವನ್ನೂ ಓದಲು ಹೊತ್ತು ಸಿಗುತ್ತದೆ.

೧೦ ಫೆಬ್ರವರಿ, ಭಾನುವಾರ

ಬೆನಕಪ್ಪ ಹೇಳದೆ ಕೇಳದೆ ಬಂದ. ಅಜ್ಜಂಪುರದ ಮಂಡಿಗೆ ಬಂದವನು ಹಾಗೇ ತನ್ನ ಎರಡು ಗಾಲಿ ನೋಡಿಕೊಂಡು ಹೋಗೋಣವೆಂದು ಬಂದನಂತೆ. ಸ್ಕೂಟರಿನ ಸುತ್ತ ತಿರುಗಿ, ಟೈರು ಅದುಮಿ, ಹಾರನ್ ಬಾರಿಸಿ ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ನಾನು ಅವನ ತಮ್ಮನ ಕಾರ್ಡು ತೋರಿಸಿ, ಒಡಹುಟ್ಟಿದವರು ಸೇರಿ ಹೀಗೆ ಮಾಡಬಹುದೇ ಎಂದು ಕೇಳಿದೆ. ಅವನು ಅದನ್ನು ಓದಿ, ತಾನು ಯಾರಿಗೂ ಬರೆದಿಲ್ಲ ಎಂದ. ಮುಖ ನೋಡಿದರೆ ನಿಜವೆಂದೇ ಕಾಣುತ್ತಿತ್ತು. ಹಾಗಾದರೆ ಬರೆದವರು ಯಾರು?

ಅಷ್ಟರಲ್ಲಿ ಮಲ್ಲಿ ಬಂದು ಸ್ಕೂಟರ್ ಮೇಲೆ ಕೂತಳು. "ದೊಡ್ಡಮಾವ, ನಿಮ್ ಗಾಲಿ ಹಿಂದಿನ್ವು. ಅವುಗಳ್ ಮೇಲೆ ಕೂತ್ಕಳಿ, ಹೆಂಗ್ ಓಡ್ತಾವೆ ನೋಡಣ."

ಬೆನಕಪ್ಪ ನನ್ನ ಕಡೆ ನೋಡಿದ. ನಾನು ಈಶ್ವರಮ್ಮನ ಕಡೆ ನೋಡಿದೆ. ಅವಳು ನಗುತ್ತಿದ್ದಳು, ಬಹಳ ದಿನಗಳ ಮೇಲೆ. ಬೆನಕಪ್ಪ ಪಂಚೆ ಎತ್ತಿ ಕಟ್ಟಿ ಹಿಂದೆ ಕೂತ. ಬೀದಿಯ ಕೊನೆಯ ತನಕ ಹೋಗಿ, ಮಂಡಿಯ ಮುಂದೆ ಹಾದು, ತಿರುಗಿಸಿಕೊಂಡು ಬಂದರು. ಹೋಗುವಾಗ ಅವನ ಕೈ ಸೀಟಿನ ಮೇಲಿತ್ತು. ಬರುವಾಗ ಮಲ್ಲಿಯ ಭುಜದ ಮೇಲಿತ್ತು.

ಇಳಿದವನು ಪಂಚೆ ಸರಿಮಾಡಿಕೊಂಡು ಒಂದು ಲೋಟ ನೀರು ಕುಡಿದ. "ಮಂಡಿ ಜನ ಎಲ್ಲಾ ನೋಡ್ತಿದ್ರು," ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, "ಎಲ್ಲಿ ಆ ಕಾಗ್ದ?" ಎಂದು ಕೇಳಿ ಸಹಿ ಹಾಕಿದ. ಊಟ ಮಾಡಿಕೊಂಡು ಹೋದ.

ಡಿಸೆಂಬರಿನಲ್ಲಿ ಹಾಕದ ಸಹಿಯನ್ನು ಈಗ ಯಾಕೆ ಹಾಕಿದನೋ ತಿಳಿಯದು. ಅವನ ವಾದ ಕಾನೂನಿನ ಪ್ರಕಾರ ಅಂದು ಹೇಗಿತ್ತೋ ಇಂದೂ ಹಾಗೇ ಇದೆ.

೨೦ ಫೆಬ್ರವರಿ, ಬುಧವಾರ

ಛಾಪಾ ಕಾಗದ ತೆಗೆದುಕೊಂಡು ಕಡೂರಿಗೆ ಹೋದೆ. ಗುಮಾಸ್ತರು ಓದಿದರು, ಪಕ್ಕದವರಿಗೆ ಕೊಟ್ಟರು, ಅವರು ಓದಿ ಇನ್ನೊಬ್ಬರಿಗೆ ಕೊಟ್ಟರು. ಯಾರೂ ಜೋರಾಗಿ ನಗಲಿಲ್ಲ, ಅದು ಅವರ ದೊಡ್ಡತನ.

"ಇದು ಗದ್ದೆ ಅಲ್ಲ ಸ್ವಾಮಿ, ಗಾಡಿ. ಅಲ್ಲಿಯೋರು ಅಂದ್ರೆ ಅಲ್ಲಿ ಆಫೀಸ್ನೋರು."

ಗಾಡಿಯ ತೆರಿಗೆ ಬಾಕಿ ಇಲ್ಲ, ಕಳವಿನ ಕೇಸಿಲ್ಲ, ಬೇರೆ ರಾಜ್ಯಕ್ಕೆ ಹೋಗಲು ಅಡ್ಡಿ ಇಲ್ಲ ಎಂದು ಅದು ಮೊದಲು ನೋಂದಣಿಯಾದ ಕಚೇರಿಯವರು ಬರೆದುಕೊಡಬೇಕಂತೆ. ಮಾರ್ಚ್ ಇಪ್ಪತ್ತರ ಕ್ಯಾಂಪಿಗೆ ತಂದರೆ ಮಾಡಿಕೊಡಬಹುದು ಎಂದರು. ಆಮೇಲಿನ ಕ್ಯಾಂಪು ಏಪ್ರಿಲಿನಲ್ಲಿ. ಅಷ್ಟು ಹೊತ್ತಿಗೆ ಮಲ್ಲಿಯ ಅವಧಿ ಮುಗಿದಿರುತ್ತದೆ.

ಅಂದರೆ ಪಂಚನಹಳ್ಳಿಯ ಓಡಾಟವೆಲ್ಲ ವ್ಯರ್ಥ. ಕೊಲ್ಲಾಪುರದ ಕಚೇರಿಗೆ ಹೋಗಬೇಕಾದವನು ತೀರ್ಥಪ್ಪನೊಬ್ಬನೇ. ಅವನೋ ಅದೇ ಕಚೇರಿಯಲ್ಲಿ ತಕರಾರು ದಾಖಲು ಮಾಡಿ ಕೂತಿದ್ದಾನೆ.

ಮನೆಗೆ ಬಂದು ಮಲ್ಲಿಯನ್ನು, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಹೇಳಿದ್ದೆ ಎಂದಳು. ಇಲ್ಲ ಎಂದೆ. ಈಗ ಡಿಸೆಂಬರಿನ ಪುಟ ತಿರುವಿ ನೋಡಿದರೆ, ಹೇಳಿದ್ದಾಳೆ. ನನ್ನದೇ ಅಕ್ಷರ.

೧ ಮಾರ್ಚ್, ಶುಕ್ರವಾರ

ಏನೂ ಬಂದಿಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ.

೮ ಮಾರ್ಚ್, ಶುಕ್ರವಾರ

ಚುನಾವಣೆಯ ಫಲಿತಾಂಶ. ಎರಡು ದಿನ ಪೇಪರಿಗೆ ಜನ ಅಂಗಡಿಗೇ ಮುಗಿಬಿದ್ದರು, ಅಂಗಡಿ ಬಿಡಲಾಗಲಿಲ್ಲ. ಮಲ್ಲಿ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದಳು. ಯಾರು ಎತ್ತಿ ಹತ್ತಿಸಿದರು ಎಂದು ಕೇಳಿದೆ. ಮೊದಲು ಮೆಟ್ಟಿಲ ಮೇಲೆ ಹಿಂದುಮುಂದಾಗಿ ಕೂತುಕೊಂಡು, ಕಂಬಿ ಹಿಡಿದು ಮೇಲಕ್ಕೆ ಎಳೆದುಕೊಂಡರೆ ಆಗುತ್ತದಂತೆ. ಸೀರೆ ಕೊಳೆಯಾಗುತ್ತದೆ, ಅಷ್ಟೇ ಎಂದಳು. ಅವಳು ಇದನ್ನು ಯಾವಾಗ ಕಂಡುಹಿಡಿದಳೋ.

ಬಸ್ಸು ಮಾತ್ರ ತಡ. ಇನ್ನು ಒಂದು ದಿನ ತಡವಾದರೂ ಶಿಫಾರಸಿನ ಮಾತಿಲ್ಲ ಎಂದು ಸಾಹೇಬರು ಕರೆದು ಹೇಳಿದ್ದಾರೆ. ಸೋಮವಾರದಿಂದ ನಾವು ಮುಂಜಾನೆಯ ರೈಲಿಗೆ ಬೀರೂರಿಗೆ ಹೋಗಿ, ಅಲ್ಲಿಂದ ತರೀಕೆರೆಗೆ ಸುತ್ತು ಹಾಕಿಕೊಂಡು ಹೋಗುವುದೆಂದು ಗೊತ್ತುಮಾಡಿದೆವು. ಕತ್ತಲಲ್ಲಿ ಹೊರಡಬೇಕು. ಪೇಪರ್ ಹಂಚುವ ಕೆಲಸ ಈಶ್ವರಮ್ಮ ತಾನೇ ಮಾಡುತ್ತೇನೆ ಎಂದಳು.

೧೨ ಮಾರ್ಚ್, ಮಂಗಳವಾರ

ಕೊಲ್ಲಾಪುರದಿಂದ ರಿಜಿಸ್ಟರ್ ಬಂತು. ಸಂಜೆ ನಾವು ಮನೆಗೆ ಬರುವ ತನಕ ಈಶ್ವರಮ್ಮ ಲಕೋಟೆ ಒಡೆದಿರಲಿಲ್ಲ. ಒಡೆಯಲು ನನಗೂ ಕೈ ಬರಲಿಲ್ಲ. ಮಲ್ಲಿಯೇ ಒಡೆದಳು.

ಮೇಲೊಂದು ಹಾಳೆ, ಹಿಂದಿ ಅಕ್ಷರ, ಮರಾಠಿ ಭಾಷೆ. ನನಗೆ ಅಕ್ಷರ ಗೊತ್ತು. ದೊಡ್ಡದಾಗಿ ಅಚ್ಚು ಹಾಕಿತ್ತು: ನಾ ಹರಕತ್ ದಾಖಲಾ. ಅದರ ಕೆಳಗಿನ ಹಾಳೆ ಇಂಗ್ಲಿಷಿನದು, ಮೊಹರು, ಸಹಿ. ಮಲ್ಲಿ ಅದನ್ನು ಒಂದೊಂದೇ ಪದವಾಗಿ ಓದಿ ಹೇಳಿದಳು. ನೋ ಅಬ್ಜೆಕ್ಷನ್ ಸರ್ಟಿಫಿಕೇಟ್. ಎರಡು ಹಾಳೆಯಲ್ಲೂ ಒಂದೇ ನಂಬರ್, ಒಂದೇ ತಾರೀಖು.

ಮರಾಠಿಯಲ್ಲಿ ‘ನಾ’ ಎಂದರೆ ‘ಇಲ್ಲ’, ‘ದಾಖಲಾ’ ಎಂದರೆ ಸರ್ಟಿಫಿಕೇಟು. ಹರಕತ್ ಇಲ್ಲ. ತಕರಾರಿಲ್ಲ.

ತೀರ್ಥಪ್ಪ ಗಾಡಿಯನ್ನು ಬಿಟ್ಟುಕೊಟ್ಟ ಕಾಗದಕ್ಕೂ ಸಹಿ ಮಾಡಿ ಇಟ್ಟಿದ್ದ. ಜನವರಿಯಲ್ಲೇ ಮಲ್ಲಿ ಏನೇನು ಬೇಕೆಂದು ಟೈಪ್ ಮಾಡಿ ಕಳಿಸಿದ್ದು ಅನುಕೂಲವಾಯಿತು ಎಂದು ಬರೆದಿದ್ದಾನೆ. ನಾನು ಯೋಗಕ್ಷೇಮ ಅಂದುಕೊಂಡಿದ್ದ ಹಾಳೆ ಅದು.

ಈಶ್ವರಮ್ಮ ಕಾಗದವನ್ನು ದೇವರ ಮುಂದೆ ಇಟ್ಟು ವಿಭೂತಿ ಹಚ್ಚಿದಳು. ‘ನಾ’ ಎಂದರೆ ನಾನು ಅಂದುಕೊಂಡುಬಿಟ್ಟೆನಲ್ಲ ಎಂದು ನಾನೇ ಹೇಳಿದೆ.

"ಎರಡೂ ಸರಿನೇ ಬಿಡಿ ಅಪ್ಪಾಜಿ," ಎಂದಳು ಮಲ್ಲಿ. ಹೇಗೆ ಎರಡೂ ಸರಿಯಾಗುತ್ತದೆ? ಒಂದು ಪದಕ್ಕೆ ಒಂದು ಜಾಗದಲ್ಲಿ ಒಂದೇ ಅರ್ಥ.

೨೦ ಮಾರ್ಚ್, ಬುಧವಾರ

ಕಡೂರು. ಮಲ್ಲಿ ಮೊದಲೇ ಹೇಳಿ ರಜೆ ಪಡೆದಿದ್ದಳು. ಪೊಲೀಸರು ಹಿಡಿದರೆ ಎಂಬ ಭಯಕ್ಕೆ ಸ್ಕೂಟರನ್ನು ಬಾಡಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಕಿಕೊಂಡು ಹೋದೆವು. ಇನ್ಸ್‌ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರು. ಪಕ್ಕದ ಗಾಲಿ ಅಲ್ಲಾಡಿಸಿ ನೋಡಿ ಚೆನ್ನಾಗಿ ಬೆಸುಗೆ ಮಾಡಿದ್ದಾರೆ ಎಂದರು. ಎಲ್ಲ ಕಾಗದವೂ ಸರಿಯಿತ್ತು. ಆಮೇಲೆ ನಾನು ತುಂಬಿದ ಅರ್ಜಿ ನೋಡಿದರು. ಒಂದು ಸಲ ಅದನ್ನು, ಒಂದು ಸಲ ಮಲ್ಲಿಯ ಎಲ್ಲೆಲ್ಲಾರನ್ನು.

"ಲೈಸೆನ್ಸ್ ಅವರ್ದು, ಗಾಡಿ ನಿಮ್ದಾ?"

ಹೌದು ಎಂದೆ. ಗಾಡಿ ಮನೆಯ ಯಜಮಾನನ ಹೆಸರಿನಲ್ಲಿರುವುದು ಪದ್ಧತಿ. ಇದನ್ನು ನಾನು ಪ್ರಶ್ನೆ ಎಂದೇ ತಿಳಿದಿರಲಿಲ್ಲ.

"ಅಪ್ಪಾಜಿ, ನನ್ ಹೆಸ್ರಿಗೆ ಬರೀರಿ," ಎಂದಳು ಮಲ್ಲಿ. ಮೆಲ್ಲಗೆ ಹೇಳಲಿಲ್ಲ. ಲಾರಿಯವರೂ ಕೇಳಿಸಿಕೊಂಡರು.

ಶಾಯಿಯಲ್ಲಿ ಬರೆದಾಗಿದೆ, ಸರ್ಕಾರಿ ಅರ್ಜಿಯಲ್ಲಿ ತಿದ್ದುವ ಹಾಗಿಲ್ಲ ಎಂದೆ. ಗುಮಾಸ್ತರು ಹೊಸದೊಂದು ಫಾರಂ ಕೊಟ್ಟರು. ಜೀಪಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಬರೆಯಲು ಕೂತೆ. ನಿಂತೆ, ಅಂದರೆ. ಪೆನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಬರೆಯಲಿಲ್ಲ. ಲಾರಿ, ಗುಂಡಿ, ಮಳೆ ಎಲ್ಲವೂ ಒಟ್ಟಿಗೆ ನೆನಪಿಗೆ ಬಂತು. ಗಾಡಿ ಅವಳ ಹೆಸರಿನಲ್ಲಿದ್ದರೆ ಅವಳು ಯಾವಾಗ ಬೇಕಾದರೂ, ಎಲ್ಲಿಗೆ ಬೇಕಾದರೂ ತೆಗೆದುಕೊಂಡು ಹೋಗಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಇದು ಕಾನೂನಿನ ಮಾತು. ಬರೆದೆ. ಮಲ್ಲಿಕಾಂಬ ಎ.ಜೆ. ನನ್ನ ಹೆಸರು ಎರಡನೇ ಸಾಲಿನಲ್ಲಿ, ತಂದೆಯ ಹೆಸರು ಎಂದಿರುವಲ್ಲಿ ಬಂತು: ಜಯದೇವಪ್ಪ.

ಆಮೇಲೆ ಎಂಟು. ಮೈದಾನದಲ್ಲಿ ಸುಣ್ಣದಿಂದ ಇಂಗ್ಲಿಷ್ ಎಂಟರ ಆಕಾರದ ಗೆರೆ ಹಾಕಿರುತ್ತಾರೆ. ಮಲ್ಲಿ ಗಾಡಿ ಹತ್ತಿ ಸ್ಟಾರ್ಟ್ ಮಾಡಿದಳು. ಮಾಡಿ, ಹೊರಡದೆ ಹಾಗೇ ಕೂತಳು. ಯಾಕೆ ಹೊರಡುವುದಿಲ್ಲ ಎಂದು ನನಗೆ ತಿಳಿಯಲಿಲ್ಲ. ಹೆದರಿದಳೋ ಎಂದು ಕೈ ಬೀಸಿ ಧೈರ್ಯ ಹೇಳಿದೆ.

"ಸ್ವಾಮಿ," ಎಂದರು ಇನ್ಸ್‌ಪೆಕ್ಟರು, "ನೀವು ಸ್ವಲ್ಪ ಆ ಕಡೆ ಸರಿದ್ರೆ ಅವರು ಎಂಟು ಹಾಕ್ತಾರೆ."

ನೋಡಿದರೆ ನಾನು ಎರಡು ಸೊನ್ನೆ ಕೂಡುವ ಜಾಗದಲ್ಲಿ ನಿಂತಿದ್ದೆ. ಯಾವಾಗ ಹೋಗಿ ನಿಂತೆನೋ. ಮರದ ಕೆಳಕ್ಕೆ ಹೋದೆ. ಪಾಸಾಯಿತು.

೨೭ ಮಾರ್ಚ್, ಬುಧವಾರ

ಹೊಸ ನಂಬರ್ ಬಂತು. ಪೇಂಟರ್ ಹಳೆಯದನ್ನು ಉಜ್ಜಿ ತೆಗೆದು ಬರೆದ. ಒಣಗುವ ತನಕ ಮುಟ್ಟಬೇಡಿ ಎಂದಿದ್ದಾನೆ. ನಾಳೆ, ನಾಡಿದ್ದು, ಶನಿವಾರ ಮೂರು ದಿನವೂ ನಾನು ಹಿಂದೆ ಕೂತು ಹೋಗುವುದೆಂದು ತೀರ್ಮಾನ. ಹೊಸ ಗಾಡಿ, ದಾರಿ ತೋರಿಸಬೇಕು.

೧ ಏಪ್ರಿಲ್, ಸೋಮವಾರ

ಶನಿವಾರ ಮಧ್ಯಾಹ್ನ ಮಲ್ಲಿಗೆ ಆದೇಶ ಕೊಟ್ಟರು. ಕೆಲಸ ಮುಂದುವರಿಸಿದ್ದಾರೆ. ಮೂರು ದಿನವೂ ಸಾಹೇಬರಿಗಿಂತ ಮೊದಲು ಕುರ್ಚಿಯಲ್ಲಿದ್ದಳಂತೆ.

ಇವತ್ತು ಪೇಪರಿನ ಕಟ್ಟು ತಡವಾಗಿ ಬಂತು. ನಾನು ಹಂಚಿ ಬರುವಷ್ಟರಲ್ಲಿ ಮಲ್ಲಿ ಹೊರಟುಹೋಗಿದ್ದಳು. ಕಾಯಲಿಲ್ಲವೇ ಎಂದು ಈಶ್ವರಮ್ಮನನ್ನು ಕೇಳಿದೆ. ಯಾಕೆ ಕಾಯಬೇಕು ಎಂದಳು.

ಅಂಗಡಿಯಲ್ಲಿ ಕೂರದೆ ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ಬಂತು, ಹತ್ತಿದೆ. ಯಾಕೆ ಹತ್ತಿದೆನೋ ತಿಳಿಯದು. ತರೀಕೆರೆಯಲ್ಲಿ ನನಗೆ ಕೆಲಸವಿರಲಿಲ್ಲ. ಕಂಡಕ್ಟರ್ ರೂಢಿಯಂತೆ ಎರಡು ಟಿಕೆಟ್ ಹರಿದು, ಪಕ್ಕದ ಸೀಟು ನೋಡಿ ಒಂದನ್ನು ವಾಪಸ್ಸು ಇಟ್ಟುಕೊಂಡ.

ದಾರಿಯಲ್ಲಿ ಒಂದು ಕಡೆ ಡ್ರೈವರ್ ಉದ್ದಕ್ಕೂ ಹಾರನ್ ಬಾರಿಸಿದ. ಕಿಟಕಿಯಿಂದ ನೋಡಿದೆ. ಮುಂದೆ ಎಡಗಡೆ ಸ್ಕೂಟರ್ ಹೋಗುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೇರ ಮಾಡಿ ಕೂತಿದ್ದಳು. ಹಾರನ್ನಿಗೆ ಹೆದರಲಿಲ್ಲ, ಅಂಚಿಗೂ ಇಳಿಯಲಿಲ್ಲ. ಡ್ರೈವರೇ ಬಲಕ್ಕೆ ಎಳೆದುಕೊಂಡು ದಾಟಿದ. ಪಕ್ಕದಲ್ಲಿ ಹಾದುಹೋಗುವಾಗ ನಾನು ತಲೆ ಒಳಗೆ ಎಳೆದುಕೊಂಡೆ.

ಅಮೃತಾಪುರದ ಕಡೆಗೆ ಕೈಮರವಿರುವ ಕಡೆ ಇಳಿದುಬಿಟ್ಟೆ. ತರೀಕೆರೆಗೆ ಟಿಕೆಟ್ ಇದೆಯಲ್ಲ ಎಂದು ಕಂಡಕ್ಟರ್ ಹೇಳಿದ. ಇರಲಿ ಎಂದೆ. ಸ್ವಲ್ಪ ಹೊತ್ತಿಗೆ ಸ್ಕೂಟರ್ ಬಂತು, ನಾನು ಹುಣಸೆಮರದ ಹಿಂದೆ ಇದ್ದೆ, ಹೋಯಿತು. ಸದ್ದು ಬಹಳ ದೂರದ ತನಕ ಕೇಳಿಸುತ್ತಿತ್ತು. ಆಮೇಲೆ ವಾಪಸ್ಸು ಬಸ್ಸಿಗೆ ಕಾದೆ. ತಡವಾಗಿ ಬಂತು.

ರಾತ್ರಿ ಊಟದಲ್ಲಿ ಮಲ್ಲಿ ಮಜ್ಜಿಗೆ ಬಡಿಸುತ್ತಾ, "ಆ ಹುಣಸೆಮರದಡಿ ಇರುವೆ ಜಾಸ್ತಿ ಅಪ್ಪಾಜಿ. ನಾಳೆ ಕಾಯೋದಾದ್ರೆ ಕೈಮರದ ಈ ಕಡೆ ಕಲ್ಲಿದೆ, ಅಲ್ಲಿ ಕೂತ್ಕಳಿ," ಎಂದಳು.

ನಾಳೆ ಅಂಗಡಿ ಬಿಡಲಾಗುವುದಿಲ್ಲ, ಪಂಚನಹಳ್ಳಿಯಿಂದ ಬೆನಕಪ್ಪ ಬರುವವನಿದ್ದಾನೆ ಎಂದೆ. ಅವನು ಬರುವ ಸುದ್ದಿ ಏನೂ ಇಲ್ಲ. ಯಾಕೆ ಹಾಗೆ ಹೇಳಿದೆನೋ.